ಹವ್ಯಾಸದ ಎಂಬೆಡೆಡ್ ಪ್ರಾಜೆಕ್ಟ್‌ಗಳಿಗೆ ಬೋರ್ಡ್ ಮತ್ತು ಭಾಷೆಯನ್ನು ಆರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಚಿಗುರು

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ದಿನವಿಡೀ ಬಳಸುವುದು ಪೈಥಾನ್. ಸಿ ಭಾಷೆಯನ್ನು ಕಾಲೇಜಿನಲ್ಲಿ ಓದಿದ್ದು ಬಿಟ್ಟರೆ ಆಮೇಲೆ ಮುಟ್ಟಿಲ್ಲ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಬಳಸುವುದು ಗೊತ್ತಿದೆ, ಆರ್ಡುಯಿನೊ ಊನೊ ಬೋರ್ಡಿನಲ್ಲಿ ಎಲ್‌ಇಡಿ ಮಿನುಗಿಸುವುದು, ಗುಂಡಿ ಒತ್ತಿದ್ದನ್ನು ಓದುವುದು ಮುಂತಾದ ಆರಂಭದ ಪಾಠಗಳನ್ನು ಮುಗಿಸಿದ್ದೇನೆ. ಈಗ ಮೂರು ಕೆಲಸಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಬೇಕೆಂದಿದ್ದೇನೆ.

ಮೊದಲನೆಯದು, ಕುಂಡದ ಗಿಡಗಳ ಮಣ್ಣಿನ ತೇವವನ್ನೂ ಸುತ್ತಲಿನ ಗಾಳಿಯ ಉಷ್ಣತೆ ಮತ್ತು ಆರ್ದ್ರತೆಯನ್ನೂ ಹದಿನೈದು ನಿಮಿಷಕ್ಕೊಮ್ಮೆ ಅಳೆದು, ವೈಫೈ ಮೂಲಕ ಮನೆಯ ಕಂಪ್ಯೂಟರ್‌ಗೆ ಕಳುಹಿಸುವ ಸಾಧನ. ಗಿಡಗಳಿರುವ ಕಡೆ ಪ್ಲಗ್ ಇಲ್ಲವಾದ್ದರಿಂದ ಇದು ಬ್ಯಾಟರಿಯಲ್ಲೇ ನಡೆಯಬೇಕು. ಎರಡನೆಯದು, ಪ್ರತಿ ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ಹೊಂದಿಸಬಹುದಾದ, 144 ದೀಪಗಳ ಡಬ್ಲ್ಯೂಎಸ್2812 ಎಲ್‌ಇಡಿ ಪಟ್ಟಿಯಲ್ಲಿ ಬಣ್ಣಗಳ ವಿನ್ಯಾಸ. ಮೂರನೆಯದು, ಎರಡು ಚಕ್ರಗಳ ಮೇಲೆ ತಾನಾಗಿಯೇ ಸಮತೋಲನ ಕಾಯ್ದುಕೊಂಡು ನಿಲ್ಲುವ ಪುಟ್ಟ ರೋಬಾಟ್.

ಬೋರ್ಡ್‌ಗಳ ಬಗ್ಗೆ ಓದಲು ಕುಳಿತರೆ ಒಬ್ಬರು ಇಎಸ್‌ಪಿ32 ಎನ್ನುತ್ತಾರೆ, ಒಬ್ಬರು ರಾಸ್ಪ್‌ಬೆರಿ ಪೈ ಪಿಕೊ ಎನ್ನುತ್ತಾರೆ, ಇನ್ನೊಬ್ಬರು ಎಸ್‌ಟಿಎಂ32 ಕಲಿಯದೆ ಎಂಬೆಡೆಡ್ (ಸಾಧನದೊಳಗಿನ ಪುಟ್ಟ ಚಿಪ್‌ಗೆ ಪ್ರೋಗ್ರಾಂ ಬರೆಯುವುದು) ಕಲಿತಂತೆಯೇ ಅಲ್ಲ ಎನ್ನುತ್ತಾರೆ. ಭಾಷೆಯ ವಿಷಯದಲ್ಲೂ ಹಾಗೆಯೇ: ಮೈಕ್ರೋಪೈಥಾನ್ (ಪುಟ್ಟ ಚಿಪ್‌ಗಳಿಗಾಗಿ ಮಾಡಿದ ಪೈಥಾನ್), ಸಿ++, ರಸ್ಟ್. ನನ್ನ ಪ್ರಶ್ನೆಗಳು ಎರಡು. ಮೂರೂ ಕೆಲಸಗಳಿಗೆ ಒಂದೇ ಬೋರ್ಡ್ ಮತ್ತು ಒಂದೇ ಭಾಷೆಯನ್ನು ಹಿಡಿದು ಆಳವಾಗಿ ಕಲಿಯುವುದು ಸರಿಯೇ, ಅಥವಾ ಕೆಲಸಕ್ಕೆ ತಕ್ಕಂತೆ ಬದಲಾಯಿಸಬೇಕೇ? ಎರಡು ಬೋರ್ಡ್‌ಗಳನ್ನು ಹೋಲಿಸುವಾಗ ಮೆಗಾಹರ್ಟ್ಸ್ ಮತ್ತು ಮೆಮೊರಿಯ ಅಂಕಿಗಳನ್ನು ಬಿಟ್ಟು ಬೇರೆ ಏನನ್ನು ನೋಡಬೇಕು?

ಉತ್ತರ: ಕಿರುವಿದ್ಯುತ್

ಚಿಗುರು ಅವರೇ, ನೀವು ಬೋರ್ಡಿನ ಹೆಸರಿನಿಂದ ಶುರುಮಾಡದೆ ಕೆಲಸಗಳಿಂದ ಶುರುಮಾಡಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ಮೇಲ್ನೋಟಕ್ಕೆ ಮೂರೂ ಒಂದೇ ಜಾತಿಯ ಕೆಲಸಗಳೆನಿಸಿದರೂ ಚಿಪ್ ಅವುಗಳಲ್ಲಿ ಕಾಲ ಕಳೆಯುವ ರೀತಿ ಬೇರೆ ಬೇರೆ. ಮೊದಲನೆಯದರಲ್ಲಿ ಅದು ಬಹುಪಾಲು ಹೊತ್ತು ನಿದ್ರಿಸುತ್ತಿರುತ್ತದೆ. ಎರಡನೆಯದರಲ್ಲಿ ಒಂದು ಸಂಕೇತವನ್ನು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ತಪ್ಪದೆ ಕಳುಹಿಸಬೇಕು. ಮೂರನೆಯದರಲ್ಲಿ ಕೆಲವೇ ಮಿಲಿಸೆಕೆಂಡಿಗೊಮ್ಮೆ ತಡಮಾಡದೆ ನಿರ್ಧಾರ ತೆಗೆದುಕೊಳ್ಳಬೇಕು. ಮೆಗಾಹರ್ಟ್ಸ್ ಅಂಕಿ ಈ ಮೂರರಲ್ಲಿ ಯಾವುದನ್ನೂ ನಿಮಗೆ ತಿಳಿಸುವುದಿಲ್ಲ. ಬೋರ್ಡು ನಿಮ್ಮ ಕಣ್ಣೆದುರಿಗೆ ಇಲ್ಲದಾಗ ಏನು ಮಾಡುತ್ತಿರಬೇಕು ಎಂಬುದೇ ಆಯ್ಕೆಯ ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ನನಗೆ ಹೆಚ್ಚು ಪರಿಚಯವಿರುವುದು ಬ್ಯಾಟರಿಯ ಕೆಲಸಗಳಾದ್ದರಿಂದ ಮೊದಲನೆಯದರ ಬಗ್ಗೆ ವಿವರವಾಗಿ ಬರೆಯುತ್ತೇನೆ.

ವೈಫೈ ಬೇಕೆಂದಾಗ ಇಎಸ್‌ಪಿ32 ಕುಟುಂಬದ ಕಡೆಗೆ ಕೈ ಹೋಗುವುದು ಸಹಜ, ಮತ್ತು ಆ ಆಯ್ಕೆ ಸರಿಯೂ ಹೌದು. ಚಿಪ್ ಡೀಪ್ ಸ್ಲೀಪ್ ಎಂಬ ಆಳ ನಿದ್ರೆಯಲ್ಲಿದ್ದಾಗ ಸುಮಾರು 10 ಮೈಕ್ರೋಆಂಪಿಯರ್ ಮಾತ್ರ ಎಳೆಯುತ್ತದೆ ಎಂದು ತಯಾರಕರ ವಿವರಪತ್ರವಾದ ಡೇಟಾಶೀಟ್ ಹೇಳುತ್ತದೆ. ಆದರೆ ಆ ಮಾತು ಚಿಪ್‌ಗೆ ಅನ್ವಯಿಸುತ್ತದೆಯೇ ಹೊರತು ಬೋರ್ಡಿಗಲ್ಲ. ಸಾಮಾನ್ಯ ಡೆವಲಪ್‌ಮೆಂಟ್ ಬೋರ್ಡಿನ ಮೇಲೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಪರಿವರ್ತಿಸುವ ಇನ್ನೊಂದು ಚಿಪ್ ಇರುತ್ತದೆ, ಸದಾ ಉರಿಯುವ ಒಂದು ಪವರ್ ಎಲ್‌ಇಡಿ ಇರುತ್ತದೆ, ಮತ್ತು ಹೆಚ್ಚಿನವುಗಳಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ ಎಎಂಎಸ್1117 ಎಂಬ ರೆಗ್ಯುಲೇಟರ್ ಇರುತ್ತದೆ. ಆ ರೆಗ್ಯುಲೇಟರ್ ಏನೂ ಕೆಲಸವಿಲ್ಲದಿದ್ದರೂ ತನ್ನ ಪಾಲಿಗೆಂದೇ ಸುಮಾರು 5 ಮಿಲಿಆಂಪಿಯರ್ ಖರ್ಚು ಮಾಡುತ್ತದೆ, ಅಂದರೆ ನಿದ್ರಿಸುತ್ತಿರುವ ಚಿಪ್‌ನ ಐನೂರು ಪಟ್ಟು.

ಲೆಕ್ಕ ಹಾಕಿ ನೋಡೋಣ. ನಿಮ್ಮ ಬ್ಯಾಟರಿ 2500 ಮಿಲಿಆಂಪಿಯರ್-ಅವರ್‌ನದು ಎಂದುಕೊಳ್ಳಿ. ರೆಗ್ಯುಲೇಟರ್, ಎಲ್‌ಇಡಿ, ಸೀರಿಯಲ್ ಚಿಪ್ ಎಲ್ಲ ಸೇರಿ 8 ಮಿಲಿಆಂಪಿಯರ್ ಆದರೆ, ಒಂದೇ ಒಂದು ಅಳತೆಯನ್ನೂ ಕಳುಹಿಸದೆ ಬ್ಯಾಟರಿ ಹದಿಮೂರು ದಿನಗಳಲ್ಲಿ ಬರಿದಾಗುತ್ತದೆ. ಅದೇ ನಿದ್ರೆಯ ಖರ್ಚು ಬೋರ್ಡಿನದೆಲ್ಲ ಸೇರಿ 20 ಮೈಕ್ರೋಆಂಪಿಯರ್‌ಗೆ ಇಳಿದು, ಹದಿನೈದು ನಿಮಿಷಕ್ಕೊಮ್ಮೆ ಐದು ಸೆಕೆಂಡ್ ಎಚ್ಚರಗೊಂಡು ಸರಾಸರಿ 100 ಮಿಲಿಆಂಪಿಯರ್ ಬಳಸಿದರೆ, ಒಟ್ಟಾರೆ ಸರಾಸರಿ 0.58 ಮಿಲಿಆಂಪಿಯರ್ ಆಸುಪಾಸಿನಲ್ಲಿದ್ದು ಆರು ತಿಂಗಳು ಬರುತ್ತದೆ. ಈ ಎರಡನೆಯ ಲೆಕ್ಕದಲ್ಲಿ ಬಹುಪಾಲು ಖರ್ಚು ನಿದ್ರೆಯದಲ್ಲ, ಆ ಐದು ಸೆಕೆಂಡಿನದು. ಅದರಲ್ಲೂ ಹೆಚ್ಚಿನ ಹೊತ್ತು ರೂಟರ್‌ನೊಂದಿಗೆ ಸಂಪರ್ಕ ಸಾಧಿಸಿ ಐಪಿ ವಿಳಾಸ ಪಡೆಯುವುದರಲ್ಲೇ ಕಳೆಯುತ್ತದೆ. ಸ್ಥಿರ ಐಪಿ ವಿಳಾಸ ಕೊಟ್ಟು, ರೂಟರ್‌ನ ಚಾನೆಲ್ ಸಂಖ್ಯೆಯನ್ನು ಮೊದಲೇ ತಿಳಿಸಿಬಿಟ್ಟರೆ ಆ ಅವಧಿ ಗಮನಾರ್ಹವಾಗಿ ಕುಗ್ಗುತ್ತದೆ.

ಇನ್ನೂ ಮುಂದೆ ಹೋಗಬೇಕೆಂದರೆ ಇಎಸ್‌ಪಿ-ನೌ ಎಂಬ ವಿಧಾನವಿದೆ. ಅದರಲ್ಲಿ ರೂಟರ್‌ನ ಹಂಗಿಲ್ಲದೆ, ಪ್ಲಗ್‌ನಲ್ಲಿರುವ ಇನ್ನೊಂದು ಇಎಸ್‌ಪಿ ಬೋರ್ಡಿಗೆ 250 ಬೈಟ್‌ವರೆಗಿನ ಸಂದೇಶವನ್ನು ನೇರವಾಗಿ ಕಳುಹಿಸಬಹುದು. ಎಚ್ಚರದ ಅವಧಿ ಐದು ಸೆಕೆಂಡಿನಿಂದ ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಇಳಿದರೆ ಕಾಗದದ ಮೇಲಿನ ಲೆಕ್ಕ ಐದು ವರ್ಷದ ಹತ್ತಿರ ಹೋಗುತ್ತದೆ. ಅಷ್ಟರೊಳಗೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಸೋರಿ ಖಾಲಿಯಾಗುವುದು ಬೇರೆ ಮಾತು.

ರೆಗ್ಯುಲೇಟರ್ ವಿಷಯದಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಎಎಂಎಸ್1117ಗೆ ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಸುಮಾರು ಒಂದು ವೋಲ್ಟ್ ಹೆಚ್ಚಿರಬೇಕು. ಪೂರ್ತಿ ಚಾರ್ಜ್ ಆದ ಲಿಥಿಯಂ ಅಯಾನ್ ಸೆಲ್‌ನಲ್ಲಿರುವುದೇ 4.2 ವೋಲ್ಟ್, ಅದು 3.7ಕ್ಕೆ ಇಳಿಯುವ ಹೊತ್ತಿಗೆ ಚಿಪ್‌ಗೆ 3 ವೋಲ್ಟ್ ಕೂಡ ಸಿಗುವುದಿಲ್ಲ. ವೈಫೈ ಆನ್ ಆದ ಕ್ಷಣದಲ್ಲಿ 240 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಒಮ್ಮೆಲೇ ಬೇಕಾದಾಗ ವೋಲ್ಟೇಜ್ ಇನ್ನಷ್ಟು ಕುಸಿದು, ಸೀರಿಯಲ್ ಮಾನಿಟರ್‌ನಲ್ಲಿ ಬ್ರೌನ್‌ಔಟ್ ಎಂಬ ಸಂದೇಶ ಮೂಡಿ ಬೋರ್ಡ್ ರೀಸೆಟ್ ಆಗುತ್ತದೆ. ಮತ್ತೆ ವೈಫೈ, ಮತ್ತೆ ರೀಸೆಟ್. ಹೊಸಬರು ಇದನ್ನು ತಮ್ಮ ಕೋಡಿನ ದೋಷವೆಂದೇ ಭಾವಿಸಿ ದಿನಗಟ್ಟಲೆ ಹುಡುಕುತ್ತಾರೆ. ಆದ್ದರಿಂದ ಬೋರ್ಡ್ ಕೊಳ್ಳುವ ಮೊದಲು ಅದರ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ತೆರೆದು ಯಾವ ರೆಗ್ಯುಲೇಟರ್ ಇದೆ ಎಂದು ನೋಡಿ, ಅದರ ಡೇಟಾಶೀಟ್‌ನಲ್ಲಿ ಕ್ವೈಸೆಂಟ್ ಕರೆಂಟ್ (ಅದು ತನ್ನ ಪಾಲಿಗೆ ಖರ್ಚು ಮಾಡುವ ವಿದ್ಯುತ್) ಮತ್ತು ಡ್ರಾಪ್‌ಔಟ್ ವೋಲ್ಟೇಜ್ (ಒಳಬರುವ ವೋಲ್ಟೇಜ್ ಎಷ್ಟು ಹೆಚ್ಚಿರಬೇಕು) ಎಂಬ ಎರಡು ಅಂಕಿಗಳನ್ನು ಓದಿಕೊಳ್ಳಿ. ಸ್ಕೀಮ್ಯಾಟಿಕ್ ಪ್ರಕಟಿಸದ ಬೋರ್ಡನ್ನು ಬ್ಯಾಟರಿ ಕೆಲಸಕ್ಕೆ ಕೊಳ್ಳಲೇಬೇಡಿ.

ಪಿಕೊ ಡಬ್ಲ್ಯೂ ಎಂಬ ಪಿಕೊ ಮಾದರಿಯಲ್ಲೂ ವೈಫೈ ಇದೆ, ಬೋರ್ಡಿನ ರೆಗ್ಯುಲೇಟರ್ ಕೂಡ ಚೆನ್ನಾಗಿದೆ. ಆದರೆ ಅದರ ಆರ್‌ಪಿ2040 ಚಿಪ್‌ನ ನಿದ್ರೆ ಇಎಸ್‌ಪಿ32ನಷ್ಟು ಆಳವಾದುದಲ್ಲ, ಆದ್ದರಿಂದ ಈ ಕೆಲಸಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಮಣ್ಣಿನ ಸೆನ್ಸರ್ ಕೂಡ ಸದಾ ಕೆಲವು ಮಿಲಿಆಂಪಿಯರ್ ಎಳೆಯುವುದರಿಂದ ಅದಕ್ಕೆ ವಿದ್ಯುತ್ತನ್ನು ಒಂದು ಔಟ್‌ಪುಟ್ ಪಿನ್‌ನಿಂದ ಕೊಟ್ಟು, ಅಳೆಯುವಾಗ ಮಾತ್ರ ಆನ್ ಮಾಡಿ. ಮೂಲ ಇಎಸ್‌ಪಿ32 ಆದರೆ ಆ ಸೆನ್ಸರ್‌ನ ಅನಲಾಗ್ ತಂತಿಯನ್ನು 32ರಿಂದ 39ರವರೆಗಿನ ಪಿನ್‌ಗಳಲ್ಲಿ ಒಂದಕ್ಕೆ ಜೋಡಿಸಿ. ಉಳಿದ ಅನಲಾಗ್ ಪಿನ್‌ಗಳು ಎರಡನೆಯ ಎಡಿಸಿಗೆ (ಅನಲಾಗ್ ಸಂಕೇತವನ್ನು ಸಂಖ್ಯೆಯಾಗಿಸುವ ಭಾಗ) ಸೇರಿದವು, ವೈಫೈ ನಡೆಯುತ್ತಿರುವಾಗ ಅವುಗಳಲ್ಲಿ ಓದಲಾಗುವುದಿಲ್ಲ.

ಉತ್ತರ: ಪಾಠಶಾಲೆ

ಮೇಲಿನ ವಿವರಣೆ ಬಹಳ ಉಪಯುಕ್ತವಾಗಿದೆ. ಬೋರ್ಡಿನ ಬಗ್ಗೆ ನನ್ನ ತಕರಾರಿಲ್ಲ. ಭಾಷೆಯ ಬಗ್ಗೆ ಬರೆಯುತ್ತೇನೆ. ನಾನು ಹೊಸಬರಿಗೆ ಕಲಿಸುತ್ತಿರುವವಳು, ಮತ್ತು ಪೈಥಾನ್ ಬಲ್ಲವರಿಗೆ ಮೊದಲ ಕೆಲಸವನ್ನು ಮೈಕ್ರೋಪೈಥಾನ್‌ನಲ್ಲೇ ಮಾಡಿ ಎಂದು ಹೇಳುತ್ತೇನೆ. ಕಾರಣ ಅದು ಸುಲಭ ಎಂಬುದಲ್ಲ, ಅದರಲ್ಲಿ ಹಾರ್ಡ್‌ವೇರ್‌ನೊಂದಿಗೆ ನೇರವಾಗಿ ಮಾತನಾಡಬಹುದು ಎಂಬುದು.

ಒಂದು ಉದಾಹರಣೆ ಕೊಡುತ್ತೇನೆ. ಉಷ್ಣತೆ, ಆರ್ದ್ರತೆ, ಒತ್ತಡ ಮೂರನ್ನೂ ಅಳೆಯುವ ಬಿಎಂಇ280 ಸೆನ್ಸರನ್ನು ಐ2ಸಿ (ಚಿಪ್‌ಗಳು ಎರಡು ತಂತಿಗಳ ಮೂಲಕ ಮಾತನಾಡುವ ವಿಧಾನ) ತಂತಿಗಳಿಗೆ ಜೋಡಿಸಿದ್ದೀರಿ ಎಂದುಕೊಳ್ಳಿ. ಪ್ರಾಂಪ್ಟ್‌ನಲ್ಲಿ ಐ2ಸಿ ಸ್ಕ್ಯಾನ್ ಎಂಬ ಒಂದು ಸಾಲು ಬರೆದರೆ ಉತ್ತರವಾಗಿ 118 ಅಥವಾ 119 ಎಂಬ ವಿಳಾಸ ಬರುತ್ತದೆ. ಖಾಲಿ ಪಟ್ಟಿ ಬಂದರೆ ತಂತಿಯಲ್ಲಿ ತಪ್ಪಿದೆ ಎಂದು ಆ ಕ್ಷಣವೇ ತಿಳಿಯುತ್ತದೆ; ತಂತಿಯನ್ನು ಸರಿಪಡಿಸಿ ಅದೇ ಸಾಲನ್ನು ಮತ್ತೆ ಓಡಿಸಬಹುದು. ಮುಂದಿನ ಸಾಲಿನಲ್ಲಿ ಸೆನ್ಸರ್‌ನ 208ನೇ ರಿಜಿಸ್ಟರನ್ನು (ಚಿಪ್‌ನೊಳಗೆ ಸಂಖ್ಯೆ ಇಡುವ ಜಾಗ) ಓದಿದರೆ 96 ಎಂಬ ಸಂಖ್ಯೆ ಸಿಗಬೇಕು. 88 ಸಿಕ್ಕಿತೆಂದರೆ ನಿಮ್ಮ ಕೈಲಿರುವುದು ಬಿಎಂಇ280 ಅಲ್ಲ, ಆರ್ದ್ರತೆಯನ್ನು ಅಳೆಯದ ಬಿಎಂಪಿ280. ನೋಡಲು ಒಂದೇ ರೀತಿಯಿರುವ ಈ ಎರಡು ಮಾಡ್ಯೂಲ್‌ಗಳು ಆಗಾಗ ಅದಲುಬದಲಾಗಿ ಬರುತ್ತವೆ. ಸಿ++ನಲ್ಲಿ ಇದೇ ಪರೀಕ್ಷೆಗೆ ಪ್ರತಿ ಬಾರಿಯೂ ಪ್ರೋಗ್ರಾಂ ಬದಲಿಸಿ, ಕಂಪೈಲ್ ಮಾಡಿ, ಬೋರ್ಡಿಗೆ ಹಾಕಿ, ಸೀರಿಯಲ್ ಮಾನಿಟರ್ ತೆರೆದು ನೋಡಬೇಕು. ಕಲಿಯುವವರ ಉತ್ಸಾಹ ಕರಗುವುದು ಈ ಕಾಯುವಿಕೆಯಲ್ಲೇ.

ಮೈಕ್ರೋಪೈಥಾನ್ 2013ರಲ್ಲಿ ಡೇಮಿಯನ್ ಜಾರ್ಜ್ ಅವರು ಕಿಕ್‌ಸ್ಟಾರ್ಟರ್ ಮೂಲಕ ಆರಂಭಿಸಿದ ಯೋಜನೆ. ಅದರಿಂದ ಕವಲೊಡೆದ ಸರ್ಕ್ಯೂಟ್‌ಪೈಥಾನ್‌ನಲ್ಲಿ ಹಲವು ಬೋರ್ಡ್‌ಗಳು ಯುಎಸ್‌ಬಿ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತವೆ, ಫೈಲ್ ಉಳಿಸಿದೊಡನೆ ಪ್ರೋಗ್ರಾಂ ಓಡುತ್ತದೆ. ಎರಡರಲ್ಲಿ ಯಾವುದಾದರೂ ಆದೀತು. ಊನೊ ಆರ್‌3ಯಲ್ಲಿ ಮಾತ್ರ ಇವೆರಡೂ ನಡೆಯುವುದಿಲ್ಲ, ಏಕೆಂದರೆ ಅದರಲ್ಲಿರುವ ರ‍್ಯಾಮ್ ಬರೀ 2 ಕಿಲೋಬೈಟ್. ಪಿಕೊದಲ್ಲಿ 264 ಕಿಲೋಬೈಟ್, ಮೂಲ ಇಎಸ್‌ಪಿ32ರಲ್ಲಿ 520 ಕಿಲೋಬೈಟ್ ಇರುವುದರಿಂದ ಅಲ್ಲಿ ಜಾಗದ ಚಿಂತೆಯಿಲ್ಲ.

ಬ್ಯಾಟರಿಯ ಲೆಕ್ಕದಲ್ಲಿ ಇದರ ಕೊರತೆಯೊಂದನ್ನು ಒಪ್ಪಬೇಕು. ಡೀಪ್ ಸ್ಲೀಪ್‌ನಿಂದ ಎದ್ದಾಗ ಚಿಪ್ ಪ್ರೋಗ್ರಾಮನ್ನು ನಿಲ್ಲಿಸಿದ ಕಡೆಯಿಂದ ಮುಂದುವರಿಸದೆ ಮೊದಲಿನಿಂದ ಶುರುಮಾಡುತ್ತದೆ, ಮತ್ತು ಮೈಕ್ರೋಪೈಥಾನ್‌ನಲ್ಲಿ ಪ್ರತಿ ಸಲವೂ ಇಂಟರ್‌ಪ್ರಿಟರ್ ಎದ್ದು ನಿಂತು ನಿಮ್ಮ ಫೈಲ್‌ಗಳನ್ನು ಓದಬೇಕಾದ್ದರಿಂದ ಎಚ್ಚರದ ಅವಧಿ ಹೆಚ್ಚುತ್ತದೆ. ವೈಫೈ ಸಂಪರ್ಕಕ್ಕೇ ಸೆಕೆಂಡುಗಳು ಹಿಡಿಯುವಾಗ ಈ ಹೆಚ್ಚಳ ದೊಡ್ಡದೆನಿಸುವುದಿಲ್ಲ. ಇಎಸ್‌ಪಿ-ನೌ ಬಳಸಿ ಎಲ್ಲವನ್ನೂ ಸೆಕೆಂಡಿನೊಳಗೆ ಮುಗಿಸಲು ಹೊರಟರೆ ದೊಡ್ಡದೇ. ನೀವು ಮೊದಲು ಮೈಕ್ರೋಪೈಥಾನ್‌ನಲ್ಲಿ ಸೆನ್ಸರ್‌ಗಳನ್ನು ಅರಿತು, ಸಾಧನ ಹೇಗೆ ವರ್ತಿಸಬೇಕೆಂದು ಖಚಿತಪಡಿಸಿಕೊಂಡು, ಬ್ಯಾಟರಿ ಸಾಲದೆನಿಸಿದಾಗ ಮಾತ್ರ ಅದೇ ಬೋರ್ಡಿನಲ್ಲಿ ಸಿ++ಗೆ ಹೋಗಬಹುದು.

ಉತ್ತರ: ಸಮತೋಲ

ಪಾಠಶಾಲೆ ಮೇಡಂ ಹೇಳಿದ್ದನ್ನು ಮೊದಲ ಕೆಲಸದ ಮಟ್ಟಿಗೆ ಒಪ್ಪುತ್ತೇನೆ, ಮೂರನೆಯದರ ಮಟ್ಟಿಗೆ ಖಂಡಿತ ಒಪ್ಪುವುದಿಲ್ಲ.

ಸಮತೋಲನದ ರೋಬಾಟ್‌ನಲ್ಲಿ ಕಂಟ್ರೋಲ್ ಲೂಪ್ ಸೆಕೆಂಡಿಗೆ 200 ಸಲ ಓಡಬೇಕೆಂದಿಟ್ಟುಕೊಳ್ಳಿ. ಒಂದೊಂದು ಸುತ್ತಿಗೆ ಸಿಗುವುದು 5 ಮಿಲಿಸೆಕೆಂಡ್. ಓಲುವಿಕೆ ಮತ್ತು ತಿರುಗುವಿಕೆಯನ್ನು ಅಳೆಯುವ ಎಂಪಿಯು6050 ಸೆನ್ಸರ್‌ನಿಂದ 14 ಬೈಟ್‌ಗಳನ್ನು 400 ಕಿಲೋಹರ್ಟ್ಸ್ ಐ2ಸಿಯಲ್ಲಿ ಓದಲು ಸುಮಾರು 0.4 ಮಿಲಿಸೆಕೆಂಡ್ ಸಾಕು, ಕೋನದ ಲೆಕ್ಕ ಮತ್ತು ಮೋಟಾರನ್ನು ಎಷ್ಟು ತಿರುಗಿಸಬೇಕೆಂದು ಹೇಳುವ ಪಿಐಡಿ ಲೆಕ್ಕಕ್ಕೂ ಹೆಚ್ಚು ಹೊತ್ತು ಬೇಡ. ಸರಾಸರಿಯನ್ನು ನೋಡಿದರೆ ಮೈಕ್ರೋಪೈಥಾನ್ ಕೂಡ ಇದನ್ನು ಮಾಡಿ ತೋರಿಸುತ್ತದೆ. ತೊಂದರೆಯಿರುವುದು ಸರಾಸರಿಯಲ್ಲಲ್ಲ. ದಶಮಾಂಶ ಸಂಖ್ಯೆಯ ಪ್ರತಿ ಲೆಕ್ಕವೂ ಅಲ್ಲಿ ಹೊಸ ಮೆಮೊರಿಯನ್ನು ಕೇಳಬಹುದು; ಮೆಮೊರಿ ತುಂಬಿದಾಗ ಬಳಕೆ ಮುಗಿದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಷನ್ ನಡೆದು ಕೆಲವು ಮಿಲಿಸೆಕೆಂಡ್ ಎಲ್ಲವೂ ನಿಲ್ಲುತ್ತದೆ. ಮೇಜಿನ ಮೇಲೆ ಚೆನ್ನಾಗಿ ನಿಂತಿದ್ದ ರೋಬಾಟ್ ಆಗೊಮ್ಮೆ ಈಗೊಮ್ಮೆ ಕಾರಣವಿಲ್ಲದೆ ಬೆಚ್ಚಿಬಿದ್ದಂತೆ ಅಲುಗಾಡುತ್ತದೆ, ಮತ್ತು ನೀವು ಪಿಐಡಿ ಗುಣಾಂಕಗಳನ್ನು ತಿದ್ದುತ್ತಾ ಕುಳಿತುಕೊಳ್ಳುತ್ತೀರಿ. ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ತುರ್ತು ಕೋಡ್) ಒಳಗೆ ಮೆಮೊರಿ ಕೇಳುವಂತೆಯೇ ಇಲ್ಲ ಎಂಬ ನಿಯಮವೂ ಅಲ್ಲಿದೆ. ಈ ಎಲ್ಲವನ್ನೂ ಸುತ್ತಿಬಳಸಿ ನಿಭಾಯಿಸಬಹುದು; ಆದರೆ ನಿಭಾಯಿಸುವಷ್ಟು ಜ್ಞಾನ ಬರುವ ಹೊತ್ತಿಗೆ ಸಿ++ ಬಂದಿರುತ್ತದೆ.

ಸಿ ಮತ್ತು ಸಿ++ ಕಲಿಯುವಾಗ ಪೈಥಾನ್ ಹಿನ್ನೆಲೆಯವರು ಮೊದಲು ಅರ್ಥಮಾಡಿಕೊಳ್ಳಬೇಕಾದುದು ಸಂಖ್ಯೆಗಳ ಅಳತೆಯನ್ನು. ನಿಮ್ಮ ಬಳಿ ಊನೊ ಇರುವುದರಿಂದ ಇದನ್ನು ಕಣ್ಣಾರೆ ನೋಡಬಹುದು. ಒಂದು ನಿಮಿಷ ಕಾಯಲೆಂದು ಡಿಲೇ ಆವರಣದೊಳಗೆ 60 ಗುಣಿಸು 1000 ಎಂದು ಬರೆಯಿರಿ. ಊನೊದ ಎಂಟು ಬಿಟ್ ಎವಿಆರ್ ಚಿಪ್‌ಗೆ ಕಂಪೈಲ್ ಮಾಡುವಾಗ ಇಂಟ್ ಎಂದರೆ 16 ಬಿಟ್, ಅದರಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 32767. ಗುಣಲಬ್ಧ 60000 ಅದರಲ್ಲಿ ಹಿಡಿಸದೆ ಋಣ 5536 ಆಗಿ ಹೊರಳುತ್ತದೆ. ಡಿಲೇಗೆ ಬೇಕಾದ 32 ಬಿಟ್‌ನ ಧನ ಸಂಖ್ಯೆಯಾಗಿ ಮಾರ್ಪಡುವಾಗ ಅದೇ 4294961760 ಆಗುತ್ತದೆ. ಒಂದು ನಿಮಿಷ ಕಾಯಬೇಕಾದ ಬೋರ್ಡ್ ಸುಮಾರು 49 ದಿನ ಕಾಯಲು ಕುಳಿತುಬಿಡುತ್ತದೆ. ಇದೇ ಸಾಲನ್ನು ಇಎಸ್‌ಪಿ32ಕ್ಕೋ ಪಿಕೊಗೋ ಕಂಪೈಲ್ ಮಾಡಿದರೆ ಅಲ್ಲಿ ಇಂಟ್ 32 ಬಿಟ್ ಆದ್ದರಿಂದ ಸರಿಯಾಗಿ ಒಂದು ನಿಮಿಷ ಕಾಯುತ್ತದೆ. ಬೋರ್ಡನ್ನು ಬಿಟ್ಟು ಭಾಷೆಯನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳಲಾಗದು ಎಂದು ನಾನು ಹೇಳುವುದು ಇದಕ್ಕೇ.

ರೋಬಾಟ್‌ಗೆ ಬೋರ್ಡ್ ಯಾವುದು ಎಂದರೆ, ನನ್ನ ಆಯ್ಕೆ ಎಸ್‌ಟಿಎಂ32ನ ನ್ಯೂಕ್ಲಿಯೊ ಬೋರ್ಡ್‌ಗಳಲ್ಲಿ ಕಾರ್ಟೆಕ್ಸ್-ಎಂ4 ಪ್ರೊಸೆಸರ್ ಇರುವ ಯಾವುದಾದರೂ ಒಂದು. ಅದಕ್ಕೆ ಕಾರಣಗಳು ಎರಡು. ಮೋಟಾರ್ ಎಷ್ಟು ತಿರುಗಿತೆಂದು ತಿಳಿಸುವ ಎನ್‌ಕೋಡರ್‌ನ ಸಂಕೇತಗಳನ್ನು ಅದರ ಟೈಮರ್‌ಗಳೇ ಎಣಿಸುತ್ತವೆ, ಪ್ರೊಸೆಸರ್‌ಗೆ ಬೇಕಾದಾಗ ಸಂಖ್ಯೆಯನ್ನು ಓದಿಕೊಂಡರೆ ಸಾಕು. ಎರಡನೆಯದಾಗಿ, ಬೋರ್ಡಿನ ಮೇಲೆಯೇ ಎಸ್‌ಟಿ-ಲಿಂಕ್ ಡೀಬಗರ್ ಇರುತ್ತದೆ. ಇದರ ಮಹತ್ವ ಅದನ್ನು ಬಳಸಿದ ಮೇಲಷ್ಟೇ ತಿಳಿಯುತ್ತದೆ: ಬ್ರೇಕ್‌ಪಾಯಿಂಟ್ ಇಟ್ಟು, ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಪ್ರತಿ ವೇರಿಯಬಲ್‌ನ ಮತ್ತು ರಿಜಿಸ್ಟರ್‌ನ ಮೌಲ್ಯವನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಬಹುದು. ಸೀರಿಯಲ್ ಪ್ರಿಂಟ್‌ಗಳಿಂದ ಹುಡುಕುವಾಗ ಪ್ರಿಂಟ್ ಮಾಡುವುದಕ್ಕೇ ತಗಲುವ ಸಮಯ ಲೂಪಿನ ಲಯವನ್ನು ಕೆಡಿಸುತ್ತದೆ, ನೀವು ಹುಡುಕುತ್ತಿರುವ ದೋಷ ಆಗ ಮರೆಯಾಗಿಯೂ ಬಿಡಬಹುದು.

ಎರಡು ಬೋರ್ಡ್‌ಗಳ ನಡುವೆ ತೂಗುವಾಗ ಏನು ನೋಡಬೇಕೆಂದು ಕೇಳಿದ್ದೀರಲ್ಲ, ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಡೀಬಗರ್. ಪಿಕೊಗೆ ಇನ್ನೊಂದು ಪಿಕೊವನ್ನೇ ಡೀಬಗರ್ ಆಗಿ ಬಳಸಬಹುದು. ಇಎಸ್‌ಪಿ32 ಕುಟುಂಬದಲ್ಲಿ ಸಿ3, ಎಸ್3, ಸಿ6 ಚಿಪ್‌ಗಳ ಒಳಗೇ ಯುಎಸ್‌ಬಿ ಮೂಲಕ ಜೆಟ್ಯಾಗ್ ಎಂಬ ವಿಧಾನದಲ್ಲಿ ಡೀಬಗ್ ಮಾಡುವ ಸೌಲಭ್ಯವಿದೆ, 2016ರ ಮೂಲ ಇಎಸ್‌ಪಿ32ರಲ್ಲಿ ಅದಕ್ಕೆ ಹೊರಗಿನ ಉಪಕರಣ ಬೇಕು. ಹೊಸದಾಗಿ ಕೊಳ್ಳುವವರು ಹೊಸ ಚಿಪ್‌ಗಳನ್ನೇ ಆರಿಸಿಕೊಳ್ಳಲು ಇಷ್ಟು ಕಾರಣ ಸಾಕು.

ಉತ್ತರ: ನೀಲಿಬೆಸುಗೆ

ರಸ್ಟ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಎಂಬೆಡೆಡ್ ರಸ್ಟ್ ಈಗ ಪ್ರಯೋಗದ ಹಂತದಲ್ಲಿಲ್ಲ. ಬೇರೆ ಬೇರೆ ಚಿಪ್‌ಗಳಿಗೆ ಒಂದೇ ಡ್ರೈವರ್ ಬಳಸಲು ನೆರವಾಗುವ ಎಂಬೆಡೆಡ್-ಹ್ಯಾಲ್ 2024ರ ಜನವರಿಯಲ್ಲಿ 1.0 ಆವೃತ್ತಿಯನ್ನು ಮುಟ್ಟಿತು, ಎಂಬಸಿ ಎಂಬ ಫ್ರೇಮ್‌ವರ್ಕ್‌ನಲ್ಲಿ ಅಸಿಂಕ್ ಕೋಡ್ (ಕಾಯುವ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಎಡೆಕೊಡುವ ಕೋಡ್) ಬರೆಯುವುದು ಪೈಥಾನ್‌ನಲ್ಲಿ ಅಸಿಂಕ್ ಬಳಸಿದವರಿಗೆ ಅಪರಿಚಿತವೆನಿಸದು. ಒಂದೇ ಪಿನ್ನನ್ನು ಎರಡು ಕಡೆ ಬಳಸಿದರೆ, ಅಥವಾ ಇಂಟರಪ್ಟ್ ಮತ್ತು ಮುಖ್ಯ ಲೂಪ್ ಎರಡೂ ರಕ್ಷಣೆಯಿಲ್ಲದೆ ಒಂದೇ ವೇರಿಯಬಲ್ ಬದಲಿಸಿದರೆ ಕೋಡ್ ಕಂಪೈಲ್ ಆಗುವುದೇ ಇಲ್ಲ; ಸಿ++ನಲ್ಲಿ ಇವು ಓಡುವಾಗ ಮಾತ್ರ, ಅದೂ ಅಪರೂಪಕ್ಕೊಮ್ಮೆ, ತಲೆದೋರುವ ದೋಷಗಳು.

ಆದರೂ ಚಿಗುರು ಅವರಿಗೆ ಇದನ್ನು ಮೊದಲ ಭಾಷೆಯಾಗಿ ಸೂಚಿಸುವುದಿಲ್ಲ. ಹಾರ್ಡ್‌ವೇರ್ ಮತ್ತು ರಸ್ಟ್ ಎರಡನ್ನೂ ಒಟ್ಟಿಗೆ ಕಲಿಯಲು ಹೊರಟರೆ ಯಾವ ತಪ್ಪು ಯಾವ ಕಡೆಯದು ಎಂದು ತಿಳಿಯದೆ ಕಂಗೆಡುತ್ತೀರಿ. ಮುಂದೆ ಮನಸ್ಸಾದರೆ ಪಿಕೊ, ಎಸ್‌ಟಿಎಂ32 ಅಥವಾ ಇಎಸ್‌ಪಿ32-ಸಿ3ಯಲ್ಲಿ ಶುರುಮಾಡಿ. ಸಿ3 ಚಿಪ್ ಆರ್‌ಐಎಸ್‌ಸಿ-ವಿ ಎಂಬ ಪ್ರೊಸೆಸರ್ ವಿನ್ಯಾಸದ್ದಾದ್ದರಿಂದ ರಸ್ಟ್‌ನ ಸಾಮಾನ್ಯ ಕಂಪೈಲರ್ ಸಾಕಾಗುತ್ತದೆ. ಮೂಲ ಇಎಸ್‌ಪಿ32 ಮತ್ತು ಎಸ್3ರ ಎಕ್ಸ್‌ಟೆನ್ಸಾ ವಿನ್ಯಾಸಕ್ಕೆ ಪ್ರತ್ಯೇಕ ಕಂಪೈಲರ್ ಹಾಕಿಕೊಳ್ಳಬೇಕಾಗುತ್ತದೆ.

ಮರುಪ್ರಶ್ನೆ: ಚಿಗುರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಬೋರ್ಡ್ ಸಾಕೆಂಬ ಹಟವನ್ನು ಬಿಟ್ಟಿದ್ದೇನೆ. ಮೊದಲ ಕೆಲಸಕ್ಕೆ ಇಎಸ್‌ಪಿ32-ಸಿ3 ಚಿಪ್ ಇರುವ, ಸ್ಕೀಮ್ಯಾಟಿಕ್ ಪ್ರಕಟವಾಗಿರುವ ಬೋರ್ಡನ್ನು ಆರಿಸಿಕೊಂಡು ಮೈಕ್ರೋಪೈಥಾನ್‌ನಲ್ಲಿ ಆರಂಭಿಸುತ್ತೇನೆ, ಅಗತ್ಯ ಬಿದ್ದರೆ ಅದೇ ಬೋರ್ಡಿನಲ್ಲಿ ಸಿ++ಗೆ ಬದಲಾಯಿಸುತ್ತೇನೆ. ರೋಬಾಟ್‌ಗೆ ನ್ಯೂಕ್ಲಿಯೊ ಮತ್ತು ಸಿ++. ಉಳಿದಿರುವುದು ಎಲ್‌ಇಡಿ ಪಟ್ಟಿ. ಅದಕ್ಕೆ ಈಗಾಗಲೇ ಇರುವ ಊನೊ ಸಾಕೇ, ಅಥವಾ ಪಿಕೊ ಬೇಕೇ? ಅಲ್ಲೂ ಮೈಕ್ರೋಪೈಥಾನ್ ನಿಧಾನವಾಗಿ ತೊಂದರೆ ಕೊಡುತ್ತದೆಯೇ?

ಉತ್ತರ: ಪಾಠಶಾಲೆ

ಪಟ್ಟಿಗೆ ಪಿಕೊ ಬಹಳ ಚೆನ್ನಾಗಿ ಹೊಂದುತ್ತದೆ, ಮತ್ತು ಇಲ್ಲಿ ಮೈಕ್ರೋಪೈಥಾನ್ ಅಡ್ಡಿಯಾಗುವುದಿಲ್ಲ. ಡಬ್ಲ್ಯೂಎಸ್2812 ದೀಪಕ್ಕೆ ಒಂದೊಂದು ಬಿಟ್ ಕಳುಹಿಸಲು 1.25 ಮೈಕ್ರೋಸೆಕೆಂಡ್, ಆ ಅಷ್ಟರಲ್ಲೇ ಸಂಕೇತ ಎಷ್ಟು ಹೊತ್ತು ಮೇಲಿತ್ತು ಎಂಬುದರಿಂದ ಸೊನ್ನೆಯೋ ಒಂದೋ ಎಂದು ದೀಪ ನಿರ್ಧರಿಸುತ್ತದೆ. ಪೈಥಾನ್ ಸಾಲುಗಳಿಂದ ಇಷ್ಟು ಕರಾರುವಾಕ್ಕಾದ ಸಂಕೇತ ಹುಟ್ಟುವುದು ಸಾಧ್ಯವಿಲ್ಲ. ಆದರೆ ಆರ್‌ಪಿ2040 ಚಿಪ್‌ನಲ್ಲಿ ಪಿಐಒ ಎಂಬ ಘಟಕವಿದೆ: ಮುಖ್ಯ ಪ್ರೊಸೆಸರ್‌ಗಳಿಂದ ಪ್ರತ್ಯೇಕವಾಗಿ ಓಡುವ ಎಂಟು ಪುಟ್ಟ ಸ್ಟೇಟ್ ಮೆಷಿನ್‌ಗಳು, ಒಂದೊಂದು ಸೂಚನೆಗೆ ಒಂದೇ ಕ್ಲಾಕ್ ಸೈಕಲ್. ಸಂಕೇತದ ಲಯವನ್ನು ಅವು ನೋಡಿಕೊಳ್ಳುತ್ತವೆ, ಬಣ್ಣ ಯಾವುದು ಎಂಬುದನ್ನು ಮಾತ್ರ ಪೈಥಾನ್ ಹೇಳುತ್ತದೆ. ಮೈಕ್ರೋಪೈಥಾನ್‌ನಲ್ಲಿ ಈ ದೀಪಗಳಿಗೆಂದೇ ನಿಯೊಪಿಕ್ಸೆಲ್ ಎಂಬ ಮಾಡ್ಯೂಲ್ ಸಿದ್ಧವಾಗಿಯೂ ಇದೆ. ಪಿಐಒ ಪ್ರೋಗ್ರಾಮನ್ನು ಕೈಯಾರೆ ಬರೆದು ನೋಡುವುದು ಕಲಿಕೆಯ ದೃಷ್ಟಿಯಿಂದ ಒಳ್ಳೆಯದು.

ಊನೊದಲ್ಲೂ ಆಗುತ್ತದೆ. 144 ದೀಪಗಳಿಗೆ ಮೂರು ಮೂರು ಬೈಟ್‌ನಂತೆ 432 ಬೈಟ್ ಬೇಕು, ಅಂದರೆ ಇರುವ ರ‍್ಯಾಮ್‌ನ ಐದನೇ ಒಂದು ಭಾಗ. ಒಂದು ಚಿತ್ರವನ್ನು ಪೂರ್ತಿ ಕಳುಹಿಸಲು ಸುಮಾರು 4.3 ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟು ಹೊತ್ತು ಲೈಬ್ರರಿ ಇಂಟರಪ್ಟ್‌ಗಳನ್ನು ತಡೆದಿಡುತ್ತದೆ. ಗುಂಡಿ ಒತ್ತಿದ್ದನ್ನು ಓದುವುದಷ್ಟೇ ಆದರೆ ತೊಂದರೆಯಿಲ್ಲ; ರಿಮೋಟ್‌ನ ಇನ್‌ಫ್ರಾರೆಡ್ ಸಂಕೇತವನ್ನೂ ಅದೇ ಬೋರ್ಡ್ ಓದಬೇಕೆಂದರೆ ಸಂಕೇತಗಳು ತಪ್ಪಿಹೋಗುತ್ತವೆ.

ಉತ್ತರ: ಕಿರುವಿದ್ಯುತ್

ಪಟ್ಟಿಯ ವಿಷಯದಲ್ಲಿ ಕೋಡಿಗಿಂತ ವಿದ್ಯುತ್ತಿನ ಜೋಡಣೆ ಮುಖ್ಯವಾದ್ದರಿಂದ ಇದೊಂದನ್ನು ಸೇರಿಸುತ್ತೇನೆ. ಒಂದು ದೀಪ ಪೂರ್ಣ ಬಿಳಿಯಲ್ಲಿ ಉರಿದರೆ ಸುಮಾರು 60 ಮಿಲಿಆಂಪಿಯರ್, 144 ದೀಪಗಳಿಗೆ 8.6 ಆಂಪಿಯರ್. ಇದನ್ನು ಯಾವ ಬೋರ್ಡಿನ 5 ವೋಲ್ಟ್ ಪಿನ್‌ನಿಂದಲೂ ತೆಗೆಯುವಂತಿಲ್ಲ. ಪಟ್ಟಿಗೆ ಪ್ರತ್ಯೇಕ 5 ವೋಲ್ಟ್ ಸಪ್ಲೈ ಕೊಡಿ, ತಂತಿ ದಪ್ಪಗಿರಲಿ, ಪಟ್ಟಿಯ ಎರಡೂ ತುದಿಗಳಿಂದ ವಿದ್ಯುತ್ ಒದಗಿಸಿ. ಒಂದೇ ತುದಿಯಿಂದ ಕೊಟ್ಟರೆ ದೂರದ ದೀಪಗಳ ಬಿಳಿ ಬಣ್ಣ ಕೆಂಪಗೆ ತಿರುಗುತ್ತದೆ. ಕೋಡಿನಲ್ಲಿ ಪ್ರಕಾಶಕ್ಕೆ ಒಂದು ಮಿತಿ ಹಾಕಿಕೊಂಡರೆ ಸಣ್ಣ ಸಪ್ಲೈ ಕೂಡ ಸಾಕಾದೀತು.

ಇನ್ನು ಸಂಕೇತದ ಮಟ್ಟ. 5 ವೋಲ್ಟ್‌ನಲ್ಲಿ ನಡೆಯುವ ಈ ದೀಪಗಳು 3.5 ವೋಲ್ಟ್‌ಗಿಂತ ಮೇಲಿರುವುದನ್ನು ಮಾತ್ರ ಒಂದು ಎಂದು ಗುರುತಿಸುವ ಖಾತರಿ ಕೊಡುತ್ತವೆ, ಪಿಕೊದ ಪಿನ್ ಕೊಡುವುದು 3.3. ಹಲವು ಸಲ ಹಾಗೆಯೇ ನಡೆದುಬಿಡುತ್ತದೆ, ಆಮೇಲೆ ಒಂದು ದಿನ ಪಟ್ಟಿಯ ಮೊದಲ ದೀಪದಿಂದಲೇ ಬಣ್ಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ನಡುವೆ 74ಎಎಚ್‌ಸಿಟಿ125 ಚಿಪ್ ಇಟ್ಟು ಅದಕ್ಕೆ 5 ವೋಲ್ಟ್ ಕೊಟ್ಟರೆ 3.3 ವೋಲ್ಟ್‌ನ ಸಂಕೇತ 5 ವೋಲ್ಟ್ ಆಗಿ ಹೊರಬರುತ್ತದೆ. ಡೇಟಾ ತಂತಿಯಲ್ಲಿ ಪಟ್ಟಿಯ ಹತ್ತಿರ 300ರಿಂದ 500 ಓಮ್‌ನ ಒಂದು ರೆಸಿಸ್ಟರ್, ಸಪ್ಲೈಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಇರಲಿ. ಪಿಕೊದ ಗ್ರೌಂಡ್ ಮತ್ತು ಪಟ್ಟಿಯ ಸಪ್ಲೈನ ಗ್ರೌಂಡ್ ಎರಡನ್ನೂ ಸೇರಿಸಿದ ಮೇಲೆಯೇ ಡೇಟಾ ತಂತಿಯನ್ನು ಜೋಡಿಸಿ.